ಎಚ್.ಐ.ವಿ. ಬರುವ ದಾರಿ, ಬಾರದ ದಾರಿ



ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರು ಕೇಳದವರು ನಮ್ಮ ಮಂಡ್ಯ ಜಿಲ್ಲೆಯಲ್ಲಿ ಯಾರಿದ್ದಾರೆ? ಗಿಡ್ಡ ಕಾಲು, ದುಂಡು ಮೈ, ಕೊಂಬಿಲ್ಲದ ತಲೆ. ಹಿಂದಿನಿಂದ ನೋಡಿದರೆ ಇಂಗ್ಲಿಷಿನ 'ಯು' ಅಕ್ಷರವನ್ನು ತಲೆಕೆಳಗು ಮಾಡಿ ಇಟ್ಟಂತೆ ಕಾಣುವ ಬಂಡೂರು ಕುರಿಯ ತಳಿ ದೇಶಕ್ಕೆಲ್ಲ ಗೊತ್ತು. ಆ ಊರಿನಲ್ಲಿ ಬಹಳ ವರ್ಷಗಳಿಂದ ಕುರಿ ಸಾಕುತ್ತಿರುವ ಹಿರಿಯರೊಬ್ಬರನ್ನು ನಾನು ಒಮ್ಮೆ ಕೇಳಿದೆ: "ಅಜ್ಜ, ಒಂದು ಕುರಿಗೆ ಕಾಯಿಲೆ ಬಂದರೆ ಏನು ಮಾಡುತ್ತೀರಿ?"

"ಯಾವ ಕಾಯ್ಲೆ ಅಂತ ನೋಡ್ಬೇಕು ಮೇಷ್ಟ್ರೆ. ಮೂಗು ಸೋರೋ ಕಾಯ್ಲೆ ಆದ್ರೆ ಆ ಕುರಿನ ಬ್ಯಾರೆ ಕಟ್ತೀವಿ. ನೀಲಿ ನಾಲಿಗೆ ಆದ್ರೆ ಬ್ಯಾರೆ ಕಟ್ಟಿ ಏನೂ ಪ್ರಯೋಜ್ನ ಇಲ್ಲ. ಅದು ನುಸಿ ಕಚ್ಚಿ ಬರೋದು ಅಂತ ಡಾಕ್ಟ್ರು ಹೇಳವ್ರೆ. ಎಲ್ಲಾ ಕಾಯ್ಲೆಗೂ ದಾರಿ ಒಂದೇ ಅಲ್ಲ. ದಾರಿ ತಿಳ್ಕಂಡು ಬೇಲಿ ಹಾಕ್ಬೇಕು."

ಅಜ್ಜ ಹೇಳಿದ್ದು ಶುದ್ಧ ವಿಜ್ಞಾನ. ಕುರಿಗಳಿಗೆ ಬರುವ ಪಿ.ಪಿ.ಆರ್. ಎಂಬ ರೋಗದ ವೈರಾಣು ಸಿಂಬಳ, ಜೊಲ್ಲು, ಕೆಮ್ಮಿನ ಹನಿಗಳ ಮೂಲಕ ಪಕ್ಕದ ಕುರಿಗೆ ಹರಡುತ್ತದೆ. ನೀಲಿ ನಾಲಿಗೆ ರೋಗದ ವೈರಾಣುವಾದರೋ ಕಚ್ಚುವ ಪುಟ್ಟ ನುಸಿಯ ಹೊಟ್ಟೆ ಸೇರಿ, ಅಲ್ಲಿ ಬೆಳೆದು, ಮತ್ತೊಂದು ಕುರಿಗೆ ಹೋಗುತ್ತದೆ. ಎರಡೂ ವೈರಾಣುಗಳೇ. ಆದರೆ ಅವುಗಳ ದಾರಿ ಬೇರೆ ಬೇರೆ.

ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಈ ಸಂಚಿಕೆಯಲ್ಲಿ ಇನ್ನೊಂದು ವೈರಾಣುವಿನ ದಾರಿಯನ್ನು ಹುಡುಕೋಣ. ಅದರ ಹೆಸರು ಎಚ್.ಐ.ವಿ.

ದೂರ ಇಟ್ಟ ತಟ್ಟೆ

ಇದನ್ನು ಬರೆಯಲು ಒಂದು ಕಾರಣವಿದೆ. ಜಿಲ್ಲೆಯ ಒಂದು ಶಾಲೆಗೆ ವಿಜ್ಞಾನ ಪ್ರಯೋಗಗಳನ್ನು ತೋರಿಸಲು ಹೋಗಿದ್ದೆ. ಮಧ್ಯಾಹ್ನ ಬಿಸಿಯೂಟದ ಹೊತ್ತು. ಮಕ್ಕಳೆಲ್ಲ ಜಗಲಿಯಲ್ಲಿ ಸಾಲಾಗಿ ಕುಳಿತಿದ್ದರು. ಒಬ್ಬ ಹುಡುಗ ಮಾತ್ರ ಕಂಬದ ಆಚೆ ಒಂಟಿಯಾಗಿ ಕುಳಿತಿದ್ದ. ಅವನ ತಟ್ಟೆ, ಲೋಟ ಮನೆಯಿಂದ ತಂದದ್ದು.

"ಅವನೇಕೆ ಅಲ್ಲಿ ಕುಳಿತಿದ್ದಾನೆ?" ಎಂದು ಕೇಳಿದೆ. ಒಬ್ಬ ಹುಡುಗ ನನ್ನ ಕಿವಿಯ ಹತ್ತಿರ ಬಂದು, "ಅವ್ನಿಗೆ ಅದು ಐತಂತೆ ಸಾರ್" ಎಂದ.

'ಐತಂತೆ' ಎಂದರೆ ಯಾರೋ ಹೇಳಿದ್ದು. ಯಾರು ಹೇಳಿದ್ದು, ಏನು ನೋಡಿ ಹೇಳಿದ್ದು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಅಂದು ನಾನು ತಂದಿದ್ದ ಮಸೂರ, ಅಯಸ್ಕಾಂತಗಳನ್ನು ಚೀಲದಲ್ಲೇ ಬಿಟ್ಟೆ. ಊಟದ ನಂತರ ಒಂದು ಖಾಲಿ ಸೀಮೆಸುಣ್ಣದ ಪೆಟ್ಟಿಗೆ ಇಟ್ಟು, "ಎಚ್.ಐ.ವಿ. ಬಗ್ಗೆ ನಿಮಗಿರುವ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಹಾಕಿ, ಹೆಸರು ಬರೆಯಬೇಡಿ" ಎಂದೆ. ಪೆಟ್ಟಿಗೆ ತುಂಬಿತು. ಆ ಪ್ರಶ್ನೆಗಳಿಗೆ ಅಂದು ಹೇಳಿದ ಉತ್ತರಗಳೇ ಈ ಪಾಠ.

ಎಚ್.ಐ.ವಿ. ಎಂದರೇನು? ಏಡ್ಸ್ ಎಂದರೇನು?

ಎರಡೂ ಒಂದೇ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ಎಚ್.ಐ.ವಿ. ಒಂದು ವೈರಾಣು. ಮನುಷ್ಯನ ರೋಗನಿರೋಧಕ ಶಕ್ತಿಯನ್ನು ಕುಂದಿಸುವ ವೈರಾಣು ಎಂಬುದೇ ಅದರ ಹೆಸರಿನ ಅರ್ಥ. ಏಡ್ಸ್ ಎಂಬುದು ಆ ವೈರಾಣುವಿಗೆ ಚಿಕಿತ್ಸೆ ಪಡೆಯದೆ ಬಿಟ್ಟಾಗ ಎಷ್ಟೋ ವರ್ಷಗಳ ನಂತರ ಬರುವ ಸ್ಥಿತಿ. ಎಚ್.ಐ.ವಿ. ಇರುವವರಿಗೆಲ್ಲ ಏಡ್ಸ್ ಇರುವುದಿಲ್ಲ.

ಈ ವೈರಾಣು ಎಷ್ಟು ಚಿಕ್ಕದು? ನಿಮ್ಮ ಅಳತೆಪಟ್ಟಿಯಲ್ಲಿ 1 ಮಿಲಿಮೀಟರ್ ನೋಡಿ. ಅಷ್ಟು ಜಾಗದಲ್ಲಿ ಸುಮಾರು 8 ರಿಂದ 10 ಸಾವಿರ ವೈರಾಣುಗಳನ್ನು ಸಾಲಾಗಿ ನಿಲ್ಲಿಸಬಹುದು!

ಈಗ ಕುರಿ ಹಟ್ಟಿಯನ್ನು ಊಹಿಸಿಕೊಳ್ಳಿ. ರಾತ್ರಿ ಚಿರತೆ ಬಂತು. ಕಾವಲಿನ ಕುರಿಗಾಹಿ ಎದ್ದು ಕೂಗು ಹಾಕುತ್ತಾನೆ. ಆ ಕೂಗು ಕೇಳಿ ನಾಯಿಗಳು ನುಗ್ಗುತ್ತವೆ, ಸುತ್ತಲಿನವರು ದೊಣ್ಣೆ ಹಿಡಿದು ಬರುತ್ತಾರೆ. ನಮ್ಮ ದೇಹದಲ್ಲೂ ಹೀಗೆ ಕೂಗು ಹಾಕುವ ಕಾವಲುಗಾರರಿದ್ದಾರೆ. ಅವು ಒಂದು ಬಗೆಯ ಬಿಳಿ ರಕ್ತಕಣಗಳು. ಅವುಗಳನ್ನು 'ಸಿಡಿ4 ಕೋಶಗಳು' ಎನ್ನುತ್ತಾರೆ. ರೋಗಾಣು ದೇಹದೊಳಗೆ ಬಂದಾಗ ಇವು ಸೂಚನೆ ಕೊಡುತ್ತವೆ. ಆಗ ಉಳಿದ ಬಿಳಿ ರಕ್ತಕಣಗಳು ಹೋರಾಟಕ್ಕೆ ಇಳಿಯುತ್ತವೆ.

ಎಚ್.ಐ.ವಿ. ಮಾಡುವ ಕೆಲಸವೇನು? ಅದು ಕುರಿಗಳ ತಂಟೆಗೆ ಹೋಗುವುದಿಲ್ಲ, ಕಾವಲುಗಾರನ ಗುಡಿಸಲಿಗೇ ನುಗ್ಗುತ್ತದೆ. ಸಿಡಿ4 ಕೋಶದೊಳಗೆ ಸೇರಿ, ಆ ಕೋಶದ ಡಿ.ಎನ್.ಎ. ಎಳೆಯ ಜೊತೆಗೆ ತನ್ನ ಎಳೆಯನ್ನೂ ಹೆಣೆದುಬಿಡುತ್ತದೆ. ಅಲ್ಲೇ ತನ್ನಂಥ ಅನೇಕ ವೈರಾಣುಗಳನ್ನು ತಯಾರಿಸಿ ಕೋಶವನ್ನು ನಾಶಮಾಡುತ್ತದೆ.

ಆರೋಗ್ಯವಂತರ 1 ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 500 ರಿಂದ 1,500 ಸಿಡಿ4 ಕೋಶಗಳಿರುತ್ತವೆ. ಚಿಕಿತ್ಸೆ ಇಲ್ಲದಿದ್ದರೆ ಈ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಹೋಗುತ್ತದೆ. 200ಕ್ಕಿಂತ ಕಡಿಮೆಯಾದರೆ ಅದು ಏಡ್ಸ್ ಸ್ಥಿತಿ. ಆಗ ಕ್ಷಯದಂತಹ ರೋಗಗಳು ಸುಲಭವಾಗಿ ಒಳನುಗ್ಗುತ್ತವೆ. ಈ ಸ್ಥಿತಿ ತಲುಪಲು ವಯಸ್ಕರಲ್ಲಿ ಸಾಮಾನ್ಯವಾಗಿ 8 ರಿಂದ 10 ವರ್ಷ ಹಿಡಿಯುತ್ತದೆ. ಅಷ್ಟು ಕಾಲ ಆ ವ್ಯಕ್ತಿ ನೋಡಲು ಎಲ್ಲರಂತೆಯೇ ಇರಬಹುದು. ಆದ್ದರಿಂದ ಮುಖ ನೋಡಿ, ಮೈ ಸಣ್ಣಗಿರುವುದನ್ನು ನೋಡಿ ಎಚ್.ಐ.ವಿ. ಇದೆ ಎಂದು ಯಾರೂ ಹೇಳಲಾರರು. ರಕ್ತ ಪರೀಕ್ಷೆಯೊಂದೇ ಹೇಳಬಲ್ಲದು.

ಅದು ಬರುವ ದಾರಿಗಳು

ಎಚ್.ಐ.ವಿ. ಸೋಂಕು ಇರುವವರ ರಕ್ತ, ಲೈಂಗಿಕ ಸ್ರಾವಗಳು ಮತ್ತು ತಾಯಿಯ ಎದೆಹಾಲಿನಲ್ಲಿ ಸೋಂಕು ತರುವಷ್ಟು ವೈರಾಣುಗಳಿರುತ್ತವೆ. ಆದ್ದರಿಂದ ಅದಕ್ಕೆ ಇರುವ ದಾರಿಗಳು ಇಷ್ಟೇ:

1. ಸೋಂಕು ಇರುವವರೊಂದಿಗೆ ಕಾಂಡೋಮ್ ಬಳಸದ ಲೈಂಗಿಕ ಸಂಪರ್ಕ. ವಯಸ್ಕರಲ್ಲಿ ಹೆಚ್ಚಿನ ಸೋಂಕು ಈ ದಾರಿಯಲ್ಲೇ ಬರುತ್ತದೆ.

2. ಒಬ್ಬರಿಗೆ ಬಳಸಿದ ಸೂಜಿ, ಸಿರಿಂಜನ್ನು ಇನ್ನೊಬ್ಬರಿಗೆ ಬಳಸುವುದು.

3. ಪರೀಕ್ಷೆ ಮಾಡದ ರಕ್ತವನ್ನು ಕೊಡಿಸಿಕೊಳ್ಳುವುದು. ಈಗ ರಕ್ತನಿಧಿಗಳಲ್ಲಿ ಪ್ರತಿಯೊಂದು ರಕ್ತದ ಚೀಲವನ್ನೂ ಪರೀಕ್ಷಿಸುವುದು ಕಡ್ಡಾಯ.

4. ಸೋಂಕು ಇರುವ ತಾಯಿಯಿಂದ ಮಗುವಿಗೆ, ಬಸುರಿನಲ್ಲಿ, ಹೆರಿಗೆಯಲ್ಲಿ ಅಥವಾ ಎದೆಹಾಲಿನ ಮೂಲಕ.

ಮಕ್ಕಳಿಗೆ ಎಚ್.ಐ.ವಿ. ಬಂದಿದ್ದರೆ ಅದು ಹೆಚ್ಚಾಗಿ ನಾಲ್ಕನೆಯ ದಾರಿಯಿಂದ. ಅದರಲ್ಲಿ ಮಗುವಿನ ತಪ್ಪೇನಿದೆ? ತಾಯಿಯನ್ನೂ ದೂರಬೇಕಾಗಿಲ್ಲ. ಎಷ್ಟೋ ತಾಯಂದಿರಿಗೆ ತಮಗೆ ಸೋಂಕು ಇರುವುದೇ ಗೊತ್ತಿರಲಿಲ್ಲ.

ಇನ್ನೊಂದು ಮಾತು. ನಿಮ್ಮ ಮೈ ನಿಮ್ಮದು. ಯಾರಾದರೂ ನಿಮಗೆ ಇಷ್ಟವಿಲ್ಲದಂತೆ ಮುಟ್ಟಿದರೆ, ಯಾರಿಗೂ ಹೇಳಬೇಡ ಎಂದರೆ, ಕೂಡಲೇ ಅಮ್ಮನಿಗೋ ನಂಬಿಕೆಯ ಶಿಕ್ಷಕರಿಗೋ ಹೇಳಿ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು.

ಪ್ರಶ್ನೆ ಪೆಟ್ಟಿಗೆ

ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಲೋಟದಲ್ಲಿ ನೀರು ಕುಡಿದರೆ ಬರುತ್ತದೆಯೇ?

ಬರುವುದಿಲ್ಲ. ಜೊಲ್ಲಿನಲ್ಲಿ ಸೋಂಕು ತರುವಷ್ಟು ವೈರಾಣು ಇರುವುದಿಲ್ಲ. ಅಲ್ಲದೆ ದೇಹದ ಹೊರಗೆ ಎಚ್.ಐ.ವಿ. ಬಹಳ ದುರ್ಬಲ. ತಟ್ಟೆ, ಲೋಟ, ಬಟ್ಟೆ, ಶೌಚಾಲಯ ಯಾವುದೂ ಅದರ ದಾರಿಯಲ್ಲ.

ಪಕ್ಕದಲ್ಲಿ ಕುಳಿತರೆ? ಕೈ ಹಿಡಿದು ಕಬಡ್ಡಿ ಆಡಿದರೆ? ಕೆಮ್ಮಿದರೆ?

ಇಲ್ಲ. ನಮ್ಮ ಚರ್ಮವೇ ಒಂದು ಗೋಡೆ. ಬೆವರು, ಕಣ್ಣೀರುಗಳಿಂದಲೂ ಎಚ್.ಐ.ವಿ. ಹರಡುವುದಿಲ್ಲ. ನೆಗಡಿಯ ವೈರಾಣುವಿನಂತೆ ಗಾಳಿಯಲ್ಲಿ ಬರುವ ಶಕ್ತಿ ಅದಕ್ಕಿಲ್ಲ.

ಸೊಳ್ಳೆ ಕಚ್ಚಿದರೆ? ಸೊಳ್ಳೆ ರಕ್ತ ಕುಡಿಯುತ್ತದಲ್ಲ?

ಇದು ಬಹಳ ಜಾಣ ಪ್ರಶ್ನೆ. ನಾಲೆ, ಗದ್ದೆಗಳ ನಮ್ಮ ಜಿಲ್ಲೆಯಲ್ಲಿ ಸೊಳ್ಳೆಗೇನು ಬರವೇ! ಮಲೇರಿಯಾ ರೋಗಾಣು ಸೊಳ್ಳೆಯ ದೇಹದಲ್ಲಿ ಬೆಳೆಯುತ್ತದೆ, ಬೆಳೆದು ಅದರ ಜೊಲ್ಲಿಗೆ ಬರುತ್ತದೆ. ಎಚ್.ಐ.ವಿ.ಗೆ ಬೆಳೆಯಲು ಮನುಷ್ಯನ ಸಿಡಿ4 ಕೋಶಗಳಂಥವು ಬೇಕು. ಅವು ಸೊಳ್ಳೆಯಲ್ಲಿಲ್ಲ. ಕುಡಿದ ರಕ್ತದ ಜೊತೆ ಎಚ್.ಐ.ವಿ. ಕೂಡ ಅದರ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತದೆ. ಜೊತೆಗೆ ಸೊಳ್ಳೆಗೆ ರಕ್ತ ಹೀರಲು ಒಂದು ನಾಳ, ಜೊಲ್ಲು ಬಿಡಲು ಇನ್ನೊಂದು ನಾಳ. ಕಚ್ಚುವಾಗ ಅದು ನಮ್ಮೊಳಗೆ ಬಿಡುವುದು ತನ್ನ ಜೊಲ್ಲನ್ನು, ಹಿಂದೆ ಕುಡಿದ ರಕ್ತವನ್ನಲ್ಲ.

ಮಾದಪ್ಪನ ಬೆಟ್ಟದಲ್ಲಿ ಮುಡಿ ಕೊಡುವಾಗ, ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಳ್ಳುವಾಗ?

ಇಲ್ಲಿ ಎಚ್ಚರಿಕೆ ಬೇಕು. ಬ್ಲೇಡಿನಿಂದ ಗಾಯವಾಗಬಹುದು, ಹಚ್ಚೆಯ ಸೂಜಿ ಚರ್ಮದೊಳಗೆ ಹೋಗುತ್ತದೆ. ಒಬ್ಬರ ರಕ್ತ ಇನ್ನೊಬ್ಬರಿಗೆ ತಾಗದಂತೆ ಹೊಸ ಬ್ಲೇಡ್, ಹೊಸ ಸೂಜಿಯನ್ನೇ ಕೇಳಿ. ಕಾಮಾಲೆ ತರುವ ಹೆಪಟೈಟಿಸ್-ಬಿ ವೈರಾಣುವಿನಿಂದಲೂ ಇದರಿಂದ ರಕ್ಷಣೆ ಸಿಗುತ್ತದೆ.

ಆಟದಲ್ಲಿ ಬಿದ್ದು ಗೆಳೆಯನಿಗೆ ರಕ್ತ ಬಂದರೆ ಮುಟ್ಟಬಾರದೇ?

ಸಹಾಯ ಮಾಡಲೇಬೇಕು. ಆದರೆ ಯಾರ ರಕ್ತವನ್ನೂ ಬರಿಗೈಯಲ್ಲಿ ಮುಟ್ಟಬಾರದು. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಶುಭ್ರವಾದ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿಯಿರಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ, ಶಿಕ್ಷಕರಿಗೆ ತಿಳಿಸಿ. ಈ ನಿಯಮ ಎಲ್ಲರ ರಕ್ತಕ್ಕೂ ಒಂದೇ. ಹಾಗಿದ್ದಾಗ ಯಾರಿಗೆ ಸೋಂಕು ಇದೆ, ಯಾರಿಗಿಲ್ಲ ಎಂದು ತಿಳಿಯುವ ಅಗತ್ಯವೇ ಇರುವುದಿಲ್ಲ.

ಮಾಡಿ ನೋಡಿ

ಬೇಕಾಗುವ ಸಾಮಗ್ರಿ: 10 ಗಾಜಿನ ಅಥವಾ ಪಾರದರ್ಶಕ ಪ್ಲಾಸ್ಟಿಕ್ ಲೋಟ, ಮಳೆನೀರು ಅಥವಾ ಕುದಿಸಿ ಆರಿಸಿ ಸೋಸಿದ ನೀರು, ಒಂದು ಚಮಚ ಬಟ್ಟೆ ಒಗೆಯುವ ಸೋಡಾ, ಅರಿಶಿನ ಕದಡಿದ ನೀರು.

ವಿಧಾನ: ಶಿಕ್ಷಕರು ಎಲ್ಲ ಲೋಟಗಳಿಗೆ ಕಾಲುಭಾಗ ನೀರು ಹಾಕಲಿ. ಒಂದು ಲೋಟದಲ್ಲಿ ಮಾತ್ರ ಯಾರಿಗೂ ಕಾಣದಂತೆ ಸೋಡಾ ಕರಗಿಸಲಿ. 10 ಮಕ್ಕಳು ಒಂದೊಂದು ಲೋಟ ಹಿಡಿಯಿರಿ. ಇವರಲ್ಲಿ ಇಬ್ಬರು ನೀರನ್ನು ಯಾರೊಂದಿಗೂ ಬೆರೆಸಬಾರದು. (ಸೋಡಾ ಲೋಟ ಆ ಇಬ್ಬರಿಗೆ ಹೋಗದಿರಲಿ.) ಉಳಿದ 8 ಮಕ್ಕಳು ಜೋಡಿಯಾಗಿ ನಿಂತು, ಒಬ್ಬರ ನೀರನ್ನು ಇನ್ನೊಬ್ಬರ ಲೋಟಕ್ಕೆ ಸುರಿದು ಬೆರೆಸಿ, ಮತ್ತೆ ಸಮನಾಗಿ ಹಂಚಿಕೊಳ್ಳಿ. ಹೀಗೆ ಜೋಡಿ ಬದಲಿಸುತ್ತಾ ಮೂರು ಸುತ್ತು ಮಾಡಿ. ಕೊನೆಗೆ ಎಲ್ಲ ಲೋಟಗಳಿಗೂ ಅರಿಶಿನದ ನೀರು ಹಾಕಿ.

ಏನಾಯಿತು? ಸೋಡಾ ಸೇರಿದ ಲೋಟಗಳಲ್ಲಿ ಹಳದಿ ಬಣ್ಣ ಕೆಂಪಾಗುತ್ತದೆ. ಸೋಡಾ ಪ್ರತ್ಯಾಮ್ಲ, ಅರಿಶಿನ ಸೂಚಕ ಎಂದು ನೀವು ಓದಿದ್ದೀರಿ. ಒಂದು ಲೋಟದಲ್ಲಿದ್ದುದು ಮೊದಲ ಸುತ್ತಿಗೆ 2, ಎರಡನೆಯದಕ್ಕೆ 4, ಮೂರನೆಯದಕ್ಕೆ 8 ಲೋಟಗಳವರೆಗೆ ಹೋಗಬಹುದು. ಬೆರೆಸದ ಇಬ್ಬರ ಲೋಟ ಹಳದಿಯಾಗಿಯೇ ಉಳಿಯುತ್ತದೆ. ಅರಿಶಿನ ಹಾಕುವ ಮೊದಲು ಯಾವ ಲೋಟದಲ್ಲಿ ಸೋಡಾ ಇದೆ ಎಂದು ನೋಡಿ ಹೇಳಲು ನಿಮಗೆ ಸಾಧ್ಯವಾಯಿತೇ?

ಎಚ್ಚರಿಕೆ: ಸೋಡಾ ನೀರನ್ನು ಕುಡಿಯಬೇಡಿ, ಕಣ್ಣಿಗೆ ತಾಗಿಸಬೇಡಿ. ಪ್ರಯೋಗದ ನಂತರ ಕೈ ತೊಳೆಯಿರಿ.

ಅಂದು ಈ ಪ್ರಯೋಗ ಮುಗಿದಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ಲೋಟದಿಂದ ಲೋಟಕ್ಕೆ ಹೋಯ್ತಲ್ಲ. ಹಂಗಾದ್ರೆ ಲೋಟ ಹಂಚ್ಕಂಡ್ರೆ ಬತ್ತದೆ ಅಂತಲ್ವಾ?" ಎಂದಳು. ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. ಅವಳು ಕೇಳಿದ್ದು ಸರಿ, ನಾನು ಹೇಳಬೇಕಾದ್ದನ್ನು ಬಿಟ್ಟಿದ್ದೆ. ಈ ಆಟದಲ್ಲಿ ಲೋಟ ಎಂದರೆ ಲೋಟವಲ್ಲ. ಅದು ಒಬ್ಬರ ದೇಹ. ನೀರು ಬೆರೆಸುವುದು ಎಂದರೆ ಮೇಲೆ ಹೇಳಿದ ನಾಲ್ಕು ದಾರಿಗಳು ಮಾತ್ರ. ನಿಜವಾದ ಲೋಟ, ನಿಜವಾದ ನೀರಿನಿಂದ ಎಚ್.ಐ.ವಿ. ಬರುವುದಿಲ್ಲ. ಈ ಪ್ರಯೋಗ ಮಾಡುವ ಶಿಕ್ಷಕರು ಮೊದಲು ಇದನ್ನು ಹೇಳಿಯೇ ಶುರುಮಾಡಿ.

ವಿಜ್ಞಾನ ನಡೆದು ಬಂದ ದಾರಿ

1981ರಲ್ಲಿ ಅಮೆರಿಕದ ವೈದ್ಯರು ಈ ಹೊಸ ಕಾಯಿಲೆಯನ್ನು ಮೊದಲು ಗುರುತಿಸಿದರು. 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಫ್ರಾನ್ಸ್‌ವಾಜ್ ಬಾರೆ-ಸಿನೂಸಿ, ಲುಕ್ ಮೊಂಟಾನ್ಯೆ ಮತ್ತು ಅವರ ಸಂಗಡಿಗರು ವೈರಾಣುವನ್ನು ಪತ್ತೆ ಹಚ್ಚಿದರು. ಈ ಇಬ್ಬರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಭಾರತದಲ್ಲಿ ಇದನ್ನು ಮೊದಲು ಕಂಡುಹಿಡಿದದ್ದು 1986ರಲ್ಲಿ, ಮದ್ರಾಸಿನಲ್ಲಿ. ಮದ್ರಾಸ್ ವೈದ್ಯಕೀಯ ಕಾಲೇಜಿನ ಡಾ. ಸುನೀತಿ ಸಾಲೋಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಸೆಲ್ಲಪ್ಪನ್ ರಕ್ತದ ಮಾದರಿಗಳನ್ನು ಸಂಗ್ರಹಿಸಿದರು. ಅವುಗಳನ್ನು ವೆಲ್ಲೂರಿಗೆ ಒಯ್ದು ಪರೀಕ್ಷಿಸಿದಾಗ ಸೋಂಕು ಇರುವುದು ತಿಳಿಯಿತು.

ಒಂದು ಕಾಲದಲ್ಲಿ ದೇಶದಲ್ಲಿ ಹೆಚ್ಚು ಸೋಂಕು ಇದ್ದ 6 ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದಾಗಿತ್ತು. ಆಗ ಔಷಧಿಯ ಬೆಲೆ ಬಡವರ ಕೈಗೆ ಎಟಕುತ್ತಿರಲಿಲ್ಲ. ಒಬ್ಬರಿಗೆ ವರ್ಷಕ್ಕೆ 10,000 ಡಾಲರಿಗೂ ಹೆಚ್ಚು ಖರ್ಚಾಗುತ್ತಿದ್ದ ಔಷಧಿಯನ್ನು 2001ರಲ್ಲಿ ನಮ್ಮ ದೇಶದ ಸಿಪ್ಲಾ ಕಂಪನಿ ದಿನಕ್ಕೆ ಒಂದು ಡಾಲರಿಗೂ ಕಡಿಮೆ ಬೆಲೆಗೆ ಕೊಡಲು ಮುಂದಾಯಿತು. 2004ರ ಏಪ್ರಿಲ್ 1ರಿಂದ ಸರ್ಕಾರವೇ ಉಚಿತವಾಗಿ ಎ.ಆರ್.ಟಿ. ಚಿಕಿತ್ಸೆ ಕೊಡಲು ಆರಂಭಿಸಿತು.

ವೈರಾಣು ತನ್ನ ಎಳೆಯನ್ನು ನಮ್ಮ ಕೋಶದ ಎಳೆಯಲ್ಲಿ ಹೆಣೆದಿರುವುದರಿಂದ ಈ ಔಷಧಿ ಅದನ್ನು ಪೂರ್ತಿ ತೆಗೆದುಹಾಕಲಾರದು. ಆದರೆ ಹೊಸ ವೈರಾಣುಗಳು ಹುಟ್ಟದಂತೆ ತಡೆಯುತ್ತದೆ. ಕಾವಲುಗಾರರ ಸಂಖ್ಯೆ ಮತ್ತೆ ಏರುತ್ತದೆ. ಈಗ ಬಹುಪಾಲು ವಯಸ್ಕರಿಗೆ ದಿನಕ್ಕೆ ಒಂದೇ ಮಾತ್ರೆ ಸಾಕು. ಒಂದು ದಿನವೂ ತಪ್ಪಿಸದೆ ನುಂಗುವವರು ಓದಬಹುದು, ದುಡಿಯಬಹುದು, ಮದುವೆಯಾಗಿ ಸೋಂಕಿಲ್ಲದ ಮಕ್ಕಳನ್ನು ಪಡೆಯಬಹುದು. ರಕ್ತದಲ್ಲಿ ವೈರಾಣು ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗಿ ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದಲೂ ಅದು ಸಂಗಾತಿಗೆ ಹರಡುವುದಿಲ್ಲ.

ತಾಯಿ-ಮಗುವಿನ ಲೆಕ್ಕ ನೋಡಿ. ಚಿಕಿತ್ಸೆ ಇಲ್ಲದಿದ್ದರೆ ಸೋಂಕು ಇರುವ 100 ತಾಯಂದಿರಲ್ಲಿ 15 ರಿಂದ 45 ಮಂದಿಯ ಮಕ್ಕಳಿಗೆ ಸೋಂಕು ತಗಲಬಹುದು. ಸರಿಯಾದ ಚಿಕಿತ್ಸೆ ಸಿಕ್ಕರೆ 5ಕ್ಕೂ ಕಡಿಮೆ. ಅದಕ್ಕೇ ಗರ್ಭಿಣಿಯರಿಗೆ ಆಸ್ಪತ್ರೆಯಲ್ಲಿ ಈ ಪರೀಕ್ಷೆ ಮಾಡಿಸಿಕೊಳ್ಳಲು ಹೇಳುತ್ತಾರೆ. ಮಳವಳ್ಳಿ, ಮದ್ದೂರು ತಾಲ್ಲೂಕು ಆಸ್ಪತ್ರೆಗಳಲ್ಲಿ ಆಪ್ತಸಮಾಲೋಚನೆ ಮತ್ತು ಪರೀಕ್ಷೆ ಉಚಿತ. ಮಾಹಿತಿಗೆ 1097 ಸಂಖ್ಯೆಗೆ ಉಚಿತ ಕರೆ ಮಾಡಬಹುದು.

ರಯಾನ್ ಎಂಬ ಹುಡುಗ

ದೂರ ಇಡುವುದು ನಮ್ಮ ಊರಿನ ಕತೆ ಮಾತ್ರವಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ರಯಾನ್ ವೈಟ್ ಎಂಬ ಹುಡುಗನಿದ್ದ. ಗಾಯವಾದರೆ ರಕ್ತ ಬೇಗ ಹೆಪ್ಪುಗಟ್ಟದ ಕುಸುಮ ರೋಗ ಅವನಿಗಿತ್ತು. ಅದಕ್ಕಾಗಿ ಕೊಟ್ಟ, ರಕ್ತದಿಂದ ತಯಾರಿಸಿದ ಔಷಧಿಯ ಮೂಲಕ ಎಚ್.ಐ.ವಿ. ಬಂತು. 1984ರಲ್ಲಿ ಅದು ತಿಳಿದಾಗ ಅವನಿಗೆ 13 ವರ್ಷ. ಮರುವರ್ಷ ಅವನ ಶಾಲೆ ಅವನನ್ನು ಒಳಗೆ ಬಿಡಲಿಲ್ಲ. ನ್ಯಾಯಾಲಯದ ಮೂಲಕ ಅವನು ಶಾಲೆಗೆ ಮರಳಿದರೂ ಊರಿನ ಹಲವರು ಅವನನ್ನು ದೂರವೇ ಇಟ್ಟರು. 1987ರಲ್ಲಿ ಮನೆಯವರು ಸಿಸೆರೊ ಎಂಬ ಬೇರೆ ಊರಿಗೆ ಹೋದರು. ಅಲ್ಲಿನ ಶಾಲೆಯ ವಿದ್ಯಾರ್ಥಿಗಳು ಅವನು ಬರುವ ಮೊದಲೇ ಈ ವೈರಾಣುವಿನ ದಾರಿಯನ್ನು ಕಲಿತಿದ್ದರು. ಅವನು ಬಂದಾಗ ಕೈ ಕುಲುಕಿ ಸ್ವಾಗತಿಸಿದರು. ಒಳ್ಳೆಯ ಔಷಧಿ ಇಲ್ಲದ ಕಾಲ ಅದು. 1990ರಲ್ಲಿ, 18ನೆಯ ವಯಸ್ಸಿನಲ್ಲಿ ರಯಾನ್ ತೀರಿಕೊಂಡ.

ಎರಡೂ ಊರುಗಳಲ್ಲಿ ಇದ್ದದ್ದು ಅದೇ ಹುಡುಗ, ಅದೇ ವೈರಾಣು. ಎರಡನೆಯ ಊರಿನ ಮಕ್ಕಳಿಗೆ ವಿಷಯ ಗೊತ್ತಿತ್ತು.

ನಮ್ಮ ದೇಶದಲ್ಲಿ 2017ರಲ್ಲಿ ಒಂದು ಕಾನೂನು ಬಂದು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಎಚ್.ಐ.ವಿ. ಇದೆ ಎಂದು ಯಾರಿಗೂ ಶಾಲೆ, ಕೆಲಸ, ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ. ಅವರ ಒಪ್ಪಿಗೆ ಇಲ್ಲದೆ ಆ ವಿಷಯವನ್ನು ಹೊರಗೆಡಹುವಂತೆಯೂ ಇಲ್ಲ.

ಮತ್ತೆ ಆ ಜಗಲಿಗೆ

ಒಂದು ವಾರದ ನಂತರ ಅದೇ ಶಾಲೆಗೆ ಹೋಗಿದ್ದೆ. ಬಿಸಿಯೂಟದ ಗಂಟೆ ಬಾರಿಸಿತು. ಆ ಹುಡುಗ ಎಂದಿನಂತೆ ಕಂಬದ ಆಚೆ ಹೋಗಿ ಕುಳಿತ. ಲೋಟದ ಪ್ರಶ್ನೆ ಕೇಳಿದ ಹುಡುಗಿ ತನ್ನ ತಟ್ಟೆ ಎತ್ತಿಕೊಂಡು ಹೋಗಿ ಅವನ ಪಕ್ಕ ಕುಳಿತಳು. ಆಮೇಲೆ ಇನ್ನಿಬ್ಬರು ಹೋದರು. ಸಾರು ಬಂದಾಗ ಅವಳು, "ಇನ್ನೂ ವಸಿ ಹಾಕ್ಸ್ಕ" ಎಂದಳು. ಅವನು ತಟ್ಟೆ ಮುಂದೆ ಹಿಡಿದ.

ಆ ಹುಡುಗನಿಗೆ ಎಚ್.ಐ.ವಿ. ಇತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಯಾರನ್ನೂ ಕೇಳಲಿಲ್ಲ. ಒಟ್ಟಿಗೆ ಕುಳಿತು ಉಣ್ಣಲು ಅದನ್ನು ತಿಳಿಯಬೇಕಾದ ಅಗತ್ಯವೇ ಇರಲಿಲ್ಲ.

ಬಂಡೂರಿನ ಅಜ್ಜ ಹೇಳಿದ್ದನ್ನು ಮರೆಯಬೇಡಿ. ದಾರಿ ತಿಳಿದು ಬೇಲಿ ಹಾಕಬೇಕು. ಎಚ್.ಐ.ವಿ.ಗೆ ಬೇಲಿ ಬೇಕಾದದ್ದು ಸೂಜಿಯಲ್ಲಿ, ರಕ್ತದಲ್ಲಿ, ಅಸುರಕ್ಷಿತ ಸಂಪರ್ಕದಲ್ಲಿ. ಊಟದ ಸಾಲಿನಲ್ಲಲ್ಲ.

ಯೋಚಿಸಿ ಉತ್ತರಿಸಿ

1. ಎಚ್.ಐ.ವಿ. ಮತ್ತು ಏಡ್ಸ್‌ಗೆ ಇರುವ ವ್ಯತ್ಯಾಸವೇನು?

2. ಮಲೇರಿಯಾ ಹರಡುವ ಸೊಳ್ಳೆ ಎಚ್.ಐ.ವಿ. ಹರಡಲಾರದು. ಏಕೆ? ಎರಡು ಕಾರಣ ಕೊಡಿ.

3. ನೆಗಡಿ, ಮಲೇರಿಯಾ, ಕಾಲರಾ, ಎಚ್.ಐ.ವಿ. ಈ ನಾಲ್ಕು ಹರಡುವ ದಾರಿ ಮತ್ತು ತಡೆಯುವ ಬಗೆಯನ್ನು ಕೋಷ್ಟಕ ಮಾಡಿ ಬರೆಯಿರಿ.

4. ಪ್ರಯೋಗದಲ್ಲಿ 16 ಮಕ್ಕಳು ಜೋಡಿ ಬದಲಿಸುತ್ತಾ ನೀರು ಬೆರೆಸಿದರೆ ನಾಲ್ಕು ಸುತ್ತಿನ ನಂತರ ಹೆಚ್ಚೆಂದರೆ ಎಷ್ಟು ಲೋಟ ಕೆಂಪಾಗಬಹುದು?

5. "ಅವರ ಮನೆಯವರೊಂದಿಗೆ ಸೇರಬೇಡ, ಅವರಿಗೆ ಎಚ್.ಐ.ವಿ. ಇದೆಯಂತೆ" ಎಂದು ನೆರೆಯವರು ಹೇಳಿದರೆ ನೀವು ಏನು ಹೇಳುವಿರಿ? ಗೆಳೆಯರೊಂದಿಗೆ ಚರ್ಚಿಸಿ ನಾಲ್ಕು ವಾಕ್ಯ ಬರೆಯಿರಿ. ಡಿಸೆಂಬರ್ 1ರ ವಿಶ್ವ ಏಡ್ಸ್ ದಿನದಂದು ಪ್ರಾರ್ಥನೆಯ ವೇಳೆ ಓದಿ ಹೇಳಿ.